ಹೊಸ ಬ್ರೇಕ್ ಹಿಡಿ ಕೊಳ್ಳುವ ಮುನ್ನ

ಮಳೆಗಾಲದ ಒಂದು ಸಂಜೆ ಕೊಪ್ಪದ ಇಳಿಜಾರಿನಲ್ಲಿ ಮಗಳು ಸೈಕಲ್ ನಿಲ್ಲಿಸಲಾಗದೆ ಬೇಲಿಗೆ ಹೋಗಿ ಬಿದ್ದಳು. ಪುಣ್ಯಕ್ಕೆ ಮಂಡಿ ತರಚಿದ್ದಷ್ಟೆ. "ಹಿಡಿ ಹೊಸದಲ್ವಾ ಅಮ್ಮಾ, ಬ್ರೇಕ್ ಯಾಕೆ ಹಿಡೀಲಿಲ್ಲ?" ಎಂದಳು.

ಕಾರಣ ಆಮೇಲೆ ತಿಳಿಯಿತು. ವಿ-ಬ್ರೇಕಿಗೆ ಹಿಡಿಯು ತಂತಿಯನ್ನು ಹೆಚ್ಚು ಎಳೆಯಬೇಕು. ಕ್ಯಾಲಿಪರ್ ಬ್ರೇಕಿಗೆ ಸುಮಾರು ಅದರ ಅರ್ಧ ಸಾಕು. ನಮ್ಮದು ವಿ-ಬ್ರೇಕು, ಹಾಕಿಸಿದ್ದು ಕ್ಯಾಲಿಪರಿನ ಹಿಡಿ! ಒತ್ತಿದರೆ ಅದು ಹ್ಯಾಂಡಲ್ಲಿಗೆ ತಾಗುತ್ತದೆ, ರಬ್ಬರ್ ಮಾತ್ರ ರಿಮ್ಮನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಗೇರ್ ಹಿಡಿಯೂ ಹಾಗೆಯೇ: ಹಿಂದೆ 7 ಹಲ್ಲುಚಕ್ರವಿದ್ದರೆ 7ರದ್ದೇ ಬೇಕು.

ಶೃಂಗೇರಿ, ನರಸಿಂಹರಾಜಪುರದ ಸೋದರಿಯರೇ, ಹಿಡಿ ಕೊಳ್ಳಲು ಸೈಕಲ್ಲನ್ನೇ ಅಂಗಡಿಗೆ ಒಯ್ಯಿರಿ. ಮೊದಲು ಸಮತಟ್ಟಿನಲ್ಲಿ ಒತ್ತಿ ನೋಡಿ, ಆಮೇಲೆ ಇಳಿಜಾರು. ಬಳೆ ಕೊಳ್ಳುವಾಗ ಕೈಯಳತೆ ನೋಡುವುದಿಲ್ಲವೇ? ಇದೂ ಅಷ್ಟೆ.