ಐವತ್ತನೇ ದಿನ ತಪ್ಪುವ ಲೆಕ್ಕ

ಕಂಪ್ಯೂಟರ್ ಎಷ್ಟು ಕಾಲದಿಂದ ಎಡೆಬಿಡದೆ ಚಾಲನೆಯಲ್ಲಿದೆ? ಸರ್ವರ್‌ಗಳ ಉಸ್ತುವಾರಿ ಹೊತ್ತವರಿಗೆ ನಿತ್ಯವೂ ಬೇಕಾಗುವ ಮಾಹಿತಿ ಇದು. ತಾಂತ್ರಿಕ ಪರಿಭಾಷೆಯಲ್ಲಿ ಇದಕ್ಕೆ ‘ಅಪ್‌ಟೈಮ್’ ಎಂದು ಹೆಸರು. ಇದನ್ನು ತಿಳಿಯಲು ನಾಲ್ಕಾರು ಸಾಲಿನ ಸ್ಕ್ರಿಪ್ಟ್ ಸಾಕು. ಆದರೆ ಆ ಸ್ಕ್ರಿಪ್ಟ್ ಯಾವ ಫಂಕ್ಷನ್ ಅನ್ನು ನೆಚ್ಚಿಕೊಂಡಿದೆ ಎಂಬುದು ಮುಖ್ಯ.

ವಿಂಡೋಸ್‌ನಲ್ಲಿ ಬಹುಕಾಲದಿಂದ ಇರುವ ಫಂಕ್ಷನ್ ‘ಗೆಟ್‌ಟಿಕ್‌ಕೌಂಟ್’. ಯಂತ್ರ ಚಾಲನೆಗೊಂಡ ಬಳಿಕ ಕಳೆದ ಮಿಲಿಸೆಕೆಂಡುಗಳ ಸಂಖ್ಯೆಯನ್ನು ಅದು ನೀಡುತ್ತದೆ. ಆ ಸಂಖ್ಯೆಯನ್ನು 1,000ದಿಂದ ಭಾಗಿಸಿದರೆ ಸೆಕೆಂಡುಗಳು, ಅದನ್ನು ಮತ್ತೆ 86,400ರಿಂದ ಭಾಗಿಸಿದರೆ ದಿನಗಳು ದೊರೆಯುತ್ತವೆ.

ತೊಡಕಿರುವುದು ಈ ಸಂಖ್ಯೆಯ ಗಾತ್ರದಲ್ಲಿ. ಇದಕ್ಕೆ ಮೀಸಲಾದ ಜಾಗ 32 ಬಿಟ್ ಮಾತ್ರ. ಅದರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 429,49,67,295. ಅಂದರೆ 49 ದಿನ 17 ಗಂಟೆ ಕಳೆಯುತ್ತಿದ್ದಂತೆ ಎಣಿಕೆ ಮತ್ತೆ ಸೊನ್ನೆಗೆ ಮರಳುತ್ತದೆ. ಹಳೆಯ ಸ್ಕೂಟರಿನ ಮೀಟರ್ 99,999 ಕಿಲೋಮೀಟರ್ ದಾಟಿ ಸೊನ್ನೆ ತೋರಿಸುವಂತೆಯೇ ಇದು. ಐವತ್ತು ದಿನ ದುಡಿದ ಸರ್ವರ್ ಆಗಷ್ಟೇ ಚಾಲನೆಗೊಂಡಂತೆ ಕಾಣುತ್ತದೆ.

ಇಂತಹ ಎಣಿಕೆಯ ಮಿತಿ ಎಂತಹ ಅಪಾಯ ತರಬಲ್ಲದು ಎಂಬುದಕ್ಕೆ ಅಮೆರಿಕದ ಘಟನೆಯೊಂದು ಸಾಕ್ಷಿ. 2004ರ ಸೆಪ್ಟೆಂಬರ್ 14ರಂದು ಲಾಸ್ ಏಂಜಲೀಸ್ ವಲಯದ ವಿಮಾನ ಸಂಚಾರ ನಿಯಂತ್ರಣ ಕೇಂದ್ರದ ಧ್ವನಿ ಸಂಪರ್ಕ ವ್ಯವಸ್ಥೆ ದಿಢೀರನೆ ಸ್ಥಗಿತಗೊಂಡಿತು. ಅದರಲ್ಲಿಯೂ 32 ಬಿಟ್‌ನ ಮಿಲಿಸೆಕೆಂಡ್ ಎಣಿಕೆಯೇ ಇತ್ತು. ದೋಷದಿಂದ ಪಾರಾಗಲು 30 ದಿನಗಳಿಗೊಮ್ಮೆ ಮರುಚಾಲನೆ ಮಾಡಬೇಕಿತ್ತು. ಆ ಬಾರಿ ಅದು ತಪ್ಪಿಹೋಗಿತ್ತು. ಬದಲಿ ವ್ಯವಸ್ಥೆಯೂ ಕೈಕೊಟ್ಟಿತು. ಸುಮಾರು ಮೂರು ಗಂಟೆ ಕಾಲ ನಿಯಂತ್ರಕರಿಗೆ ಪೈಲಟ್‌ಗಳೊಡನೆ ಮಾತನಾಡಲಾಗಲಿಲ್ಲ. ಕೆಲವು ವಿಮಾನಗಳ ನಡುವೆ ಇರಬೇಕಾದ ಸುರಕ್ಷಿತ ಅಂತರವೂ ಉಳಿಯಲಿಲ್ಲ. ಅದೃಷ್ಟವಶಾತ್ ಡಿಕ್ಕಿ ಸಂಭವಿಸಲಿಲ್ಲ.

ಇದಕ್ಕೆ ಪರಿಹಾರ ಕಠಿಣವೇನಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ‘ಗೆಟ್‌ಟಿಕ್‌ಕೌಂಟ್64’ ಲಭ್ಯವಿದೆ. ಅದರ ಎಣಿಕೆ 64 ಬಿಟ್‌ನದಾದ್ದರಿಂದ ಸೊನ್ನೆಗೆ ಮರಳಲು 58 ಕೋಟಿ ವರ್ಷ ಬೇಕು. ಲಿನಕ್ಸ್‌ನಲ್ಲಿ ‘ಪ್ರಾಕ್’ ಕೋಶದೊಳಗಿನ ‘ಅಪ್‌ಟೈಮ್’ ಕಡತವನ್ನು ಸ್ಕ್ರಿಪ್ಟ್ ಓದಿದರೆ ಸಾಕು. ಅದರ ಮೊದಲ ಸಂಖ್ಯೆಯೇ ಚಾಲನೆಯ ಅವಧಿ, ಸೆಕೆಂಡುಗಳಲ್ಲಿ.

ಇನ್ನೊಂದು ಅಂಶವೂ ಗಮನಾರ್ಹ. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲ್ತಿಯಲ್ಲಿದ್ದರೆ, ‘ಶಟ್‌ಡೌನ್’ ಮಾಡಿದರೂ ಅಪ್‌ಟೈಮ್ ಲೆಕ್ಕ ಹೊಸದಾಗಿ ಆರಂಭವಾಗುವುದಿಲ್ಲ. ಅದಕ್ಕೆ ‘ರೀಸ್ಟಾರ್ಟ್’ ಮಾಡಬೇಕು. ನಿತ್ಯವೂ ರಾತ್ರಿ ಆರಿಸುವ ಕಂಪ್ಯೂಟರ್ ಹಲವು ದಿನಗಳ ಅಪ್‌ಟೈಮ್ ತೋರಿಸಿದರೆ ಅಚ್ಚರಿಪಡಬೇಕಾಗಿಲ್ಲ.