ಆಟದ ಹಿಂದಿನ ದುಡಿಮೆ

"ಫಾದರ್, ಹುಡುಗ ಫೋನ್ ಬಿಡವಲ್ಲ. ಮುಂದ ಗೇಮ್ ಮಾಡೋ ಕೆಲಸಾನೇ ಕಲಿತೀನಿ ಅಂತಾನ. ಅದೂ ಒಂದು ಕೆಲಸ ಏನ್ರಿ?" ಭಾನುವಾರ ಬಲಿಪೂಜೆ ಮುಗಿದ ಮೇಲೆ ಮಕ್ತಲ್ ಕಡೆಯ ತಾಯಿಯೊಬ್ಬರು ಕೇಳಿದರು. ಪ್ರಿಯ ತಂದೆ-ತಾಯಂದಿರೇ, ಈ ಪ್ರಶ್ನೆ ನಿಮ್ಮಲ್ಲಿ ಅನೇಕರದು.

ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಎಂಬವರು 'ಧ್ರುವ ಇಂಟರಾಕ್ಟಿವ್' ಎಂಬ ಗೇಮ್ ಸಂಸ್ಥೆ ಕಟ್ಟಿದರು. ಆಗ ನಮ್ಮ ದೇಶದಲ್ಲಿ ಈ ವಿದ್ಯೆ ಕಲಿಸುವವರೇ ಇರಲಿಲ್ಲ. ಫ್ರಾನ್ಸಿನ ಕಂಪನಿಯೊಂದಕ್ಕೆ ಹಿಡಿದ ಮೊದಲ ದೊಡ್ಡ ಕೆಲಸ ಅರ್ಧಕ್ಕೇ ನಿಂತಿತು. ಅವರು ಎದೆಗುಂದಲಿಲ್ಲ. ಬೇರೆಯವರ ಆಟಗಳಿಗೆ ಚಿತ್ರ ಮಾಡಿಕೊಡುವ ಕೆಲಸಕ್ಕೆ ಇಳಿದರು. ಮೈಕ್ರೋಸಾಫ್ಟ್‌ನ 'ಫೋರ್ಝಾ' ಆಟದ ಕಾರುಗಳಿಗೂ ಅವರ ಕೈ ಹತ್ತಿತು. ಒಂದು ಕಾರು ಮಾಡಲು ನಾಲ್ಕೂ ಕಡೆಯ ಫೋಟೋ ನೋಡಿ, ಸಣ್ಣ ಸಣ್ಣ ಚಪ್ಪಟೆ ತುಂಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಬಣ್ಣ, ಹೊಳಪು ತುಂಬಬೇಕು. ನಮ್ಮ ಗದ್ವಾಲ ಸೀರೆಯ ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡಿಸುವಷ್ಟೇ ತಾಳ್ಮೆಯ ಕೆಲಸ. ಸೀರೆ ಉಟ್ಟವರಿಗೆ ನೇಕಾರನ ಹೆಸರು ಗೊತ್ತಿರುವುದಿಲ್ಲ. ಆಟ ಆಡಿದವರಿಗೂ ಹಾಗೆಯೇ.

ಅದೇ 1997ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ 'ಡಿಎಂಎ ಡಿಸೈನ್' ಸಂಸ್ಥೆ 'ಗ್ರ್ಯಾಂಡ್ ಥೆಫ್ಟ್ ಆಟೋ' ಎಂಬ ಆಟ ಹೊರತಂದಿತು. 1987ರಲ್ಲಿ ಡೇವಿಡ್ ಜೋನ್ಸ್ ಕಟ್ಟಿದ ಈ ಸಂಸ್ಥೆ ಮುಂದೆ ಎಡಿನ್‌ಬರೋಗೆ ಹೋಗಿ, 2002ರಲ್ಲಿ 'ರಾಕ್‌ಸ್ಟಾರ್ ನಾರ್ತ್' ಆಯಿತು. ಇತ್ತ ಧ್ರುವವನ್ನು 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. 2019ರಲ್ಲಿ ಅದು ರಾಕ್‌ಸ್ಟಾರ್ ಬಳಗಕ್ಕೇ ಸೇರಿತು. ಮುನ್ನೂರಕ್ಕೂ ಹೆಚ್ಚು ಜನರಿಗೆ ಅನ್ನ ಕೊಟ್ಟ ಸಂಸ್ಥೆಯ ಹೆಸರು ಅಲ್ಲಿಗೆ ಮರೆಯಾಯಿತು. ಕಲಿತ ವಿದ್ಯೆ ಮಾತ್ರ ಕೈಯಲ್ಲಿ ಉಳಿಯಿತು.

ಆದರೆ ಒಂದು ಎಚ್ಚರಿಕೆ. 'ಗ್ರ್ಯಾಂಡ್ ಥೆಫ್ಟ್ ಆಟೋ' ಕಳ್ಳತನ, ಹೊಡೆದಾಟಗಳ ಆಟ; ಬ್ರಿಟನ್ನಿನಲ್ಲೇ ಅದು 18 ವರ್ಷ ತುಂಬಿದವರಿಗೆ ಮಾತ್ರ. ಜಾಣ ಕೈ ಮಾಡಿದ್ದೆಲ್ಲ ಮಕ್ಕಳಿಗೆ ಒಳ್ಳೆಯದೆಂದು ತಿಳಿಯಬಾರದು. ಆಟದ ಮೇಲಿನ ವಯಸ್ಸಿನ ಗುರುತು ನೋಡಿ. ದಿನಕ್ಕೆ ಇಷ್ಟೇ ಹೊತ್ತು ಎಂದು ಮನೆಯಲ್ಲಿ ಕಟ್ಟಳೆ ಮಾಡಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೆ: "ಅಮ್ಮಾ, ಫೋನ್ ತೆಗೆದಿಟ್ಟು ಕೈಗೆ ಹಾಳೆ, ಪೆನ್ಸಿಲ್ ಕೊಡ್ರಿ. ತಾನು ಆಡೋ ಆಟದ ಒಂದು ಕಾರು ಬಿಡಿಸಲಿ. ಒಂದು ತಿಂಗಳು ಬೇಸರಿಲ್ಲದೆ ಬಿಡಿಸಿದರೆ ಅದು ದೇವರು ಕೊಟ್ಟ ವರ." ಒಡೆಯ ಕೊಟ್ಟ ಹಣವನ್ನು ಹೆದರಿ ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿ ನಮಗೆ ಗೊತ್ತೇ ಇದೆ. ನಮ್ಮ ಹೆದರಿಕೆಯಿಂದ ಮಕ್ಕಳ ವರ ಹೂತುಹೋಗದಿರಲಿ.