ಹಳೆ ಮೊಬೈಲಿಗೆ ಒಂದು ಬಕೆಟ್: ಈ ಲೆಕ್ಕ ಸರಿಯೇ?

"ಹಳೇ ಮೊಬೈಲ್, ಕೆಟ್ಟ ಮೊಬೈಲ್ ಕೊಡಿ, ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ!" ಎಂದು ಕೂಗುತ್ತಾ ಬರುವ ಗಾಡಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೆಟ್ಟ ಫೋನಿಗೆ ಹೊಸ ಬಕೆಟ್ ಸಿಕ್ಕರೆ ಲಾಭವೇ ಅಲ್ವಾ? ಫೋನಿನೊಳಗೆ ಏನೇನಿದೆ ಎಂದು ಮೊದಲು ನೋಡೋಣ.

ಒಳಗಿರುವ ಚಿನ್ನ

ಚಿನ್ನ ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಅದಕ್ಕೇ ಫೋನಿನ ಸರ್ಕ್ಯೂಟ್ ಬೋರ್ಡಿನಲ್ಲಿ ಅದರ ತೆಳು ಲೇಪನ ಇರುತ್ತದೆ. ಒಂದು ಫೋನಿನಲ್ಲಿ ಸುಮಾರು 30 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಫೋನಿನ ತೂಕ 150 ಗ್ರಾಂ ಆದರೆ ಒಂದು ಟನ್ನಿಗೆ ಸುಮಾರು 6,600 ಫೋನು. ಗುಣಿಸಿ ನೋಡಿ, ಎಷ್ಟಾಯ್ತು? ಹತ್ತಿರ ಹತ್ತಿರ 200 ಗ್ರಾಂ! ಗಣಿಯಲ್ಲಿ ಒಂದು ಟನ್ ಅದಿರನ್ನು ಅಗೆದು ಪುಡಿ ಮಾಡಿದರೂ ಸಾಮಾನ್ಯವಾಗಿ ಸಿಗುವುದು ಕೆಲವೇ ಗ್ರಾಂ.

ಹಾಗಾದರೆ ಗುಜರಿಯವರು ಚಿನ್ನ ತೆಗೆದರೆ ಒಳ್ಳೆಯದೇ ತಾನೇ? ತೆಗೆಯುವ ರೀತಿಯಲ್ಲಿದೆ ತೊಂದರೆ. ಉತ್ತರ ಪ್ರದೇಶದ ಮೊರಾದಾಬಾದಿನಂಥ ಕಡೆ ಸಣ್ಣ ಸಣ್ಣ ಜಾಗಗಳಲ್ಲಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಲೋಹ ತೆಗೆಯುತ್ತಾರೆ, ತಾಮ್ರಕ್ಕಾಗಿ ತಂತಿಗಳನ್ನು ಸುಡುತ್ತಾರೆ. ತಂತಿಯ ಮೇಲಿನ ಪಿವಿಸಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹೊರಬರುತ್ತದೆ. ಉಳಿದ ಆಮ್ಲ ಮಣ್ಣು, ನೀರು ಸೇರುತ್ತದೆ. ಕೈಗವಸು, ಮುಖಗವಸು ಇಲ್ಲದೆ ಈ ಕೆಲಸ ಮಾಡುವವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇದ್ದಾರೆ. ನಮ್ಮ ಬಕೆಟ್ಟಿನ ಬೆಲೆಯನ್ನು ಅವರು ಆರೋಗ್ಯದಿಂದ ತೆರುತ್ತಿದ್ದಾರೆ.

ಕಾನೂನು ಏನನ್ನುತ್ತದೆ?

ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವು ಕೇಂದ್ರ ಸರಕಾರದ ನಿಯಮಗಳು. ನೀವು ಕಾಸರಗೋಡಿನಲ್ಲಿರಿ, ತಾಳವಾಡಿಯಲ್ಲಿರಿ, ಅಕ್ಕಲಕೋಟೆಯಲ್ಲಿರಿ, ಎಲ್ಲ ಕಡೆಗೂ ಒಂದೇ. ಹಳೆಯ ಉಪಕರಣಗಳು ನೋಂದಾಯಿತ ಮರುಬಳಕೆ ಘಟಕಗಳ ಮೂಲಕವೇ ವಿಲೇವಾರಿ ಆಗುವಂತೆ ನೋಡಿಕೊಳ್ಳುವ ಹೊಣೆ ಫೋನ್ ತಯಾರಿಸುವ ಕಂಪನಿಗಳ ಮೇಲಿದೆ.

ಅಳಿಸಿದ ಫೋಟೋ ನಿಜವಾಗಿ ಅಳಿಯಿತೇ?

ಪುಸ್ತಕದ ಪರಿವಿಡಿ ಹರಿದರೆ ಪಾಠಗಳು ಹೋಗುತ್ತವೆಯೇ? ಇಲ್ಲ. ಒಂದೊಂದೇ ಫೋಟೋ 'ಡಿಲೀಟ್' ಮಾಡುವುದೂ ಹೆಚ್ಚು ಕಡಿಮೆ ಹಾಗೆಯೇ. 'ಈ ಜಾಗ ಖಾಲಿ' ಎಂಬ ಗುರುತು ಬೀಳುತ್ತದೆ. ಅಲ್ಲಿ ಬೇರೇನಾದರೂ ಬರೆಯುವ ತನಕ ಹಳೆಯದನ್ನು ಮತ್ತೆ ಹೊರತೆಗೆಯಲು ಸಾಧ್ಯವಿರುತ್ತದೆ. ಅದಕ್ಕೆ ಫೋನ್ ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆದು, ಫೋನ್ ಆನ್ ಆಗುವಂತಿದ್ದರೆ 'ಫ್ಯಾಕ್ಟರಿ ರಿಸೆಟ್' ಮಾಡಿಸಿ. ಈಗಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ; ರಿಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ಅಳಿಯುತ್ತದೆ.

ಫೋನಿನಲ್ಲಿ ನಿಮ್ಮ ಗೆಳತಿಯ ಫೋಟೋ, ಅಕ್ಕನ ಬ್ಯಾಂಕ್ ಸಂದೇಶಗಳೂ ಇರಬಹುದು. ಅವರ ಗುಟ್ಟು ಕಾಯುವುದೂ ನಮ್ಮ ಜವಾಬ್ದಾರಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಇದು: ಖಾಸಗಿತನ ಮೂಲಭೂತ ಹಕ್ಕು.

ಅಜ್ಜಿಯ ದನಿ

ಕೆಲವು ಸಂಗತಿಗಳನ್ನು ಅಳಿಸಲೇಬಾರದು. ಅಜ್ಜಿ ಹೇಳಿದ ಸೋಬಾನೆ ಪದ, ಅಜ್ಜ ಹೇಳಿದ ಊರ ಕಥೆ ಆ ಫೋನಿನಲ್ಲಿ ರೆಕಾರ್ಡ್ ಆಗಿರಬಹುದು. ಗಡಿಯಾಚೆಯ ನಮ್ಮ ಊರುಗಳ ಕನ್ನಡಕ್ಕೆ ಅದರದ್ದೇ ಆದ ರಾಗ, ಅದರದ್ದೇ ಮಾತುಗಳಿವೆ. ಅವೆಲ್ಲ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಚಿನ್ನವನ್ನಾದರೂ ಮತ್ತೆ ತೆಗೆಯಬಹುದು, ಹೋದ ದನಿಯನ್ನು ತರಲಾಗದು. ರಿಸೆಟ್ ಮಾಡುವ ಮೊದಲೇ ಅವನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿಡಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂಬುದನ್ನೂ ಕನ್ನಡದಲ್ಲೇ ಟೈಪ್ ಮಾಡಿ ಜೊತೆಗಿಡಿ.

ಮಾಡಿ ನೋಡಿ

1. ಮನೆಯಲ್ಲಿ ಕೆಲಸ ಮಾಡದ ಫೋನ್, ಚಾರ್ಜರ್, ಇಯರ್‌ಫೋನ್ ಎಷ್ಟಿವೆ? ಎಣಿಸಿ ತರಗತಿಯಲ್ಲಿ ಪಟ್ಟಿ ಮಾಡಿ.
2. ಉಬ್ಬಿದ ಬ್ಯಾಟರಿ ಕಂಡರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ. ಬೆಂಕಿ ಹತ್ತಬಹುದು. ದೊಡ್ಡವರಿಗೆ ತಿಳಿಸಿ.
3. ಹತ್ತಿರದ ಇ-ತ್ಯಾಜ್ಯ ಸಂಗ್ರಹ ಕೇಂದ್ರ ಯಾವುದೆಂದು ಗುರುಗಳೊಡನೆ ಹುಡುಕಿ, ಶಾಲೆಯ ಫಲಕದಲ್ಲಿ ಬರೆದು ಹಾಕಿ.